ಚಿನ್ನದ ಹಲ್ಲಿನ ಮೇಲೊಂದು ಗುಲಾಬಿ ಚುಕ್ಕೆ

ಅವರ ಮೂಗು ದೊಡ್ಡದು. ಎಡ ಹೊಳ್ಳೆಯ ಮೇಲೆ ಎಂದೋ ಬೆಸುಗೆಯ ಸೀಸ ಸಿಡಿದು ಆದ ಕಪ್ಪು ಕಲೆಯಿತ್ತು. ಕನ್ನಡಕ ಸದಾ ಆ ಕಲೆಯ ತನಕ ಜಾರಿ ಬಂದು ನಿಲ್ಲುತ್ತಿತ್ತು. ಕಂಪ್ಯೂಟರಿನ ಯಾವ ಭಾಗ ಕೈಗೆ ಬಂದರೂ ಅವರು ಮೊದಲು ಅದನ್ನು ಮೂಗಿಗೆ ಹಿಡಿಯುತ್ತಿದ್ದರು. ಕಣ್ಣು ಮುಚ್ಚಿ ಉಸಿರು ಒಳಗೆಳೆದು, ಕರಬೂಜ ಆರಿಸುವವರ ಹಾಗೆ ಒಂದು ಕ್ಷಣ ತಡೆಯುತ್ತಿದ್ದರು. ಸುಟ್ಟ ವಾಸನೆ, ತೇವದ ವಾಸನೆ, ಒಳಗೆ ಇಲಿ ಹೊಕ್ಕು ಹೋದ ವಾಸನೆ, ಎಲ್ಲವೂ ಅವರಿಗೆ ಬೇರೆ ಬೇರೆಯಾಗಿ ಗೊತ್ತಾಗುತ್ತಿದ್ದವು. "ಮೊದಲ ಮೂಗು, ಆಮ್ಯಾಲ ಮೀಟರ್" ಎನ್ನುತ್ತಿದ್ದರು.

ಹುಮನಾಬಾದಿನ ಹಳೆ ಬಜಾರಿನ ಒಂದು ಗಲ್ಲಿಯಲ್ಲಿ ಅವರ ರಿಪೇರಿ ಅಂಗಡಿ. ಒಳಗೆ ಇಬ್ಬರು ಎದ್ದು ನಿಂತರೆ ಮೂರನೆಯವನು ಹೊರಗೆ ಹೋಗಬೇಕು, ಅಷ್ಟೇ ಜಾಗ. ರೇಡಿಯೊ ಕಾಲದಲ್ಲಿ ರೇಡಿಯೊ, ಟಿವಿ ಕಾಲದಲ್ಲಿ ಟಿವಿ, ಆಮೇಲೆ ಕಂಪ್ಯೂಟರು ಬಿಚ್ಚುತ್ತ ಅರವತ್ತು ದಾಟಿದ್ದರು. ಊರಿಗೆಲ್ಲ ಅವರು ಚಾಚಾ. ನಾನೂ ಹಾಗೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ಮನೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿಸಬೇಕೋ ಬೇಡವೋ ಎಂಬ ಒಂದು ಪ್ರಶ್ನೆ ಹಿಡಿದುಕೊಂಡು ಹೊರಟ ನಾನು ಈ ಮನುಷ್ಯನ ಹೆಸರು ಕೆಡಿಸಿದೆ. ಅದನ್ನು ಮುಚ್ಚಿಟ್ಟು ಬರೀ ಅವರ ಒಳ್ಳೆಯತನವನ್ನು ಬರೆದರೆ ಅದು ಇನ್ನೊಂದು ಮೋಸ. ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ನನ್ನ ಸ್ವಭಾವವನ್ನೂ ಹೇಳಬೇಕು. ನಾನು ಅನುಮಾನದ ಮನುಷ್ಯ. ಗ್ಯಾಸ್ ಸಿಲಿಂಡರ್ ಬಂದರೆ ತಂದವನ ಎದುರಿಗೇ ಅದನ್ನು ಎತ್ತಿ ಅಲುಗಾಡಿಸುತ್ತೇನೆ. ಹಾಲಿನವನ ಹಾಲನ್ನು ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಂಡು ಹೇಗೆ ಹರಿಯುತ್ತದೆ ಎಂದು ನೋಡುತ್ತೇನೆ. ಪೆಟ್ರೋಲ್ ಬಂಕಿನಲ್ಲಿ ಗಾಡಿಯಿಂದ ಇಳಿದು ಮೀಟರಿನ ಮುಂದೆ ಹೋಗಿ ನಿಲ್ಲುತ್ತೇನೆ. ಯಾರಾದರೂ ಫೋನು ಮಾಡಿ ಸುಮ್ಮನೆ ಕ್ಷೇಮ ಕೇಳಿದರೆ ಇವನಿಗೆ ಏನೋ ಬೇಕಾಗಿದೆ ಎಂಬುದೇ ನನ್ನ ಮೊದಲ ಯೋಚನೆ. "ದೇವ್ರೇ ಎದುರಿಗೆ ಬಂದು ನಿಂತ್ರೂ ನೀವು ಆಧಾರ್ ಕಾರ್ಡ್ ಕೇಳ್ತೀರಿ" ಎನ್ನುತ್ತಾಳೆ ನನ್ನ ಹೆಂಡತಿ. ಕೇಳಿದರೆ ತಪ್ಪೇನು ಎನ್ನುತ್ತೇನೆ ನಾನು.

ಬಸವಕಲ್ಯಾಣದಲ್ಲಿ, ನಮ್ಮವರು ಬರೀ ಕಲ್ಯಾಣ ಎನ್ನುವ ಊರಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಮನೆಗಳ ನಕ್ಷೆ ಹಾಕುತ್ತೇನೆ. ಐಟಿಐಯಲ್ಲಿ ಕಲಿತ ವಿದ್ಯೆ, ಅದರಲ್ಲೇ ಸಂಸಾರ. ಮೊದಲು ಹಾಳೆಯ ಮೇಲೆ ನೆಟ್ಟಗೆ ಗೆರೆ ಎಳೆದು ಕೊಟ್ಟರೆ ಸಾಕಿತ್ತು. ಈಗ ಕಟ್ಟಿಸುವವರು ಪಾಯ ತೋಡುವ ಮೊದಲೇ ಮನೆಯೊಳಗೆ ಓಡಾಡಬೇಕು ಎನ್ನುತ್ತಾರೆ. ಪರದೆಯ ಮೇಲೆ ಬಾಗಿಲು ತೆರೆಯಬೇಕು, ಪಡಸಾಲೆ ದಾಟಿ ಅಡುಗೆಮನೆ ಹೊಗಬೇಕು, ಹೊರಗೆ ಬಂದು ಇಡೀ ಮನೆಯನ್ನು ಗಿರ್ರನೆ ತಿರುಗಿಸಬೇಕು. ಇದಕ್ಕೆ ಕಂಪ್ಯೂಟರಿನೊಳಗೆ ಗ್ರಾಫಿಕ್ಸ್ ಕಾರ್ಡು ಬೇಕು. ಚಿತ್ರದ ಭಾರವನ್ನೆಲ್ಲ ಹೊರುವುದು ಅದು. ಹಾಗೆಂದು ಚಾಚಾನ ಬಳಿ ಒಂದು ಕಂಪ್ಯೂಟರ್ ಜೋಡಿಸಿಕೊಂಡೆ.

ನಾನು ಕೇಳಿದ್ದು ದೊಡ್ಡ ಕಾರ್ಡು. ಅವರು ನನ್ನ ಕೆಲಸವೇನು, ಎಂಥ ಮನೆಗಳು, ಎಷ್ಟು ಮಹಡಿ ಎಂದೆಲ್ಲ ವಿಚಾರಿಸಿ, ಒಂದು ಸಾಧಾರಣ ಕಾರ್ಡನ್ನು ತೆಗೆದಿಟ್ಟರು.

"ನೀವು ಮನಿ ತಿರಗಸ್ತೀರಿ, ಹೌದಿಲ್ಲೋ? ಊರು ತಿರಗಸೋ ಕಾರ್ಡ್ ಯಾಕ ಬೇಕ್ರಿ ಇಂಜಿನಿಯರ್ ಸಾಬ್? ಇದು ಸಾಕು."

ನಾನು ಇಂಜಿನಿಯರ್ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ಹಾಗೇ ಕರೆಯುತ್ತಿದ್ದರು. ಮಾರುವವನೇ ದೊಡ್ಡದು ಬೇಡ ಎಂದರೆ ಬೇರೆಯವರಿಗೆ ಸಂತೋಷವಾಗುತ್ತಿತ್ತೋ ಏನೋ, ನನಗೆ ಅನುಮಾನವಾಯಿತು. ಈ ಕಾರ್ಡು ಇವನ ಬಳಿ ಖರ್ಚಾಗದೆ ಉಳಿದಿರಬೇಕು, ನನ್ನ ತಲೆಗೆ ಕಟ್ಟುತ್ತಿದ್ದಾನೆ ಅಂದುಕೊಂಡೆ. ಆದರೂ ತಂದೆ. ಒಂದೂವರೆ ವರ್ಷ ಆ ಕಾರ್ಡು ಒಂದು ದಿನವೂ ತಕರಾರು ಮಾಡದೆ ಮನೆಗಳನ್ನು ತಿರುಗಿಸಿತು. ಅದರಿಂದ ನನ್ನ ಅನುಮಾನ ಕಡಿಮೆಯೇನೂ ಆಗಲಿಲ್ಲ.

ಅನುಮಾನ ಅವರಿಗೂ ಇತ್ತು, ಆದರೆ ಸಾಮಾನಿನ ಮೇಲೆ. ಹೊಸ ಡಬ್ಬಿ ಬಂದರೆ ಅದರ ಸೀಲನ್ನು ಹೆಬ್ಬೆರಳ ಉಗುರಿನಿಂದ ಕೆರೆದು, ಅಂಟು ಒಂದು ಸಲ ಹಚ್ಚಿದ್ದೋ ಎರಡು ಸಲ ಹಚ್ಚಿದ್ದೋ ಎಂದು ನೋಡುತ್ತಿದ್ದರು. "ಡಬ್ಬಿ ಹೊಸದು ಇರ್ತದ್ರಿ. ಒಳಗಿಂದೂ ಹೊಸದು ಅಂತ ಡಬ್ಬಿ ಎಲ್ಲಿ ಹೇಳ್ತದ?" ಮನುಷ್ಯರ ಮೇಲೆ ಮಾತ್ರ ಅವರು ಬೇರೆ ತರಹ. ತಮ್ಮನ್ನು ಜನ ಅನುಮಾನಿಸುತ್ತಾರೆ ಎಂಬುದನ್ನು ಸಿಟ್ಟಿಲ್ಲದೆ ಒಪ್ಪಿಕೊಂಡಿದ್ದರು. ಅದಕ್ಕಾಗಿ ಒಂದು ಪದ್ಧತಿಯನ್ನೂ ಮಾಡಿಕೊಂಡಿದ್ದರು. ಮೇಜಿನ ಮೇಲೆ ಊಟಕ್ಕೆ ಹಾಸುವ ದಸ್ತರ್ಖಾನದಂಥ ಬಿಳಿ ಬಟ್ಟೆ ಹಾಸುವುದು, ಕಂಪ್ಯೂಟರಿನ ಮಾಲಕನನ್ನು ಎದುರಿಗೆ ಕೂರಿಸುವುದು, ಆಮೇಲೆಯೇ ಮೊದಲ ಸ್ಕ್ರೂಗೆ ಕೈ ಹಾಕುವುದು. ಬಿಚ್ಚಿದ ಒಂದೊಂದು ಭಾಗವನ್ನೂ ಮಾಲಕನ ಕಡೆಗೆ ಮುಖ ಮಾಡಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಮಾಲಕ ಚಹಾ ಕುಡಿಯಲು ಎದ್ದು ಹೋದರೆ ಅವರೂ ಕೈ ಕಟ್ಟಿ ಕೂರುತ್ತಿದ್ದರು, ಅವನು ಬರುವ ತನಕ.

ಒಂದು ಬೇಸಿಗೆಯಲ್ಲಿ ಕರೆಂಟು ಏರಿಳಿದು ನನ್ನ ಕಂಪ್ಯೂಟರ್ ಸತ್ತೇ ಹೋಯಿತು. ಗುಂಡಿ ಒತ್ತಿದರೆ ಸದ್ದಿಲ್ಲ, ದೀಪವಿಲ್ಲ. ಡಬ್ಬಿಯನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ಹುಮನಾಬಾದಿಗೆ ಒಯ್ಯಲು ಸಿದ್ಧನಾದೆ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿದೆ. ರಿಪೇರಿಗೆ ಕೊಡುವ ಸಾಮಾನಿಗೆ ಉಗುರುಬಣ್ಣದ ಗುರುತು ಹಾಕುವುದು ನಮ್ಮ ಕಡೆಯ ಹಳೆಯ ರೂಢಿ. ಮೋಟಾರಿನ ಬೋಲ್ಟಿಗೆ ಹಾಕುತ್ತಾರೆ, ಮಿಕ್ಸರಿನ ತಳಕ್ಕೆ ಹಾಕುತ್ತಾರೆ. ಬದಲಿಸಿದರೆ ಗೊತ್ತಾಗಲಿ ಎಂದು. ಹೆಂಡತಿಯ ಗುಲಾಬಿ ಬಣ್ಣದ ಸೀಸೆ ತೆಗೆದುಕೊಂಡು ಕೂತೆ. ಕಾರ್ಡಿನ ಫ್ಯಾನಿನ ಮೇಲೆ ಗುರುತು ಹಾಕಿದರೆ ಯಾವನಿಗಾದರೂ ಕಾಣುತ್ತದೆ, ಕಂಡವನು ಅದನ್ನೇ ನಕಲು ಮಾಡುತ್ತಾನೆ. ನಾನು ಅಷ್ಟು ದಡ್ಡನಲ್ಲ. ಮೊಬೈಲಿನಲ್ಲಿ ನೋಡಿಕೊಂಡು ಕಾರ್ಡನ್ನು ಹುಷಾರಾಗಿ ಹೊರಗೆಳೆದೆ. ಅದರ ಕೆಳ ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಸಣ್ಣ ಹಲ್ಲುಗಳ ಸಾಲು ಇರುತ್ತದೆ, ಅದು ಮದರ್‌ಬೋರ್ಡಿನ ಸೀಳಿನೊಳಗೆ ಹೋಗಿ ಕೂರುವ ಜಾಗ. ಅಲ್ಲಿ ಯಾರು ನೋಡುತ್ತಾರೆ? ಆ ಹಲ್ಲುಗಳ ಮೇಲೆ ಒಂದು ದಪ್ಪ ಚುಕ್ಕೆ ಇಟ್ಟೆ. ಸಾಲದೆಂದು ಹಿಂದಿನ ಕಡೆಯೂ ಒಂದು ಇಟ್ಟೆ. ಊದಿ ಊದಿ ಒಣಗಿಸುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಅದಕ್ಕ ಜರಾ ಮದರಂಗಿನೂ ಹಚ್ರಿ. ಲಗ್ನದ ಸೀಸನ್ ಅದ."

ಹುಮನಾಬಾದಿನಲ್ಲಿ ಚಾಚಾ ಡಬ್ಬಿಯ ಹಿಂಭಾಗವನ್ನು ಮೂಸಿದವರೇ, ಕರೆಂಟು ಹಂಚುವ ಪೆಟ್ಟಿಗೆ ಸುಟ್ಟಿದೆ, ಹೊಸದು ನಾಳೆ ಮಧ್ಯಾಹ್ನದ ಹೊತ್ತಿಗೆ ಬರುತ್ತದೆ ಎಂದರು. ಡಬ್ಬಿ ವಾಪಸ್ ಒಯ್ದು ನಾಳೆ ತನ್ನಿ ಎಂದೂ ಹೇಳಿದರು. ಮರುದಿನ ನನಗೆ ಘಾಟಬೋರಾಳದಲ್ಲಿ ಪಾಯದ ಗುರುತು ಹಾಕಿಕೊಡುವ ಕೆಲಸವಿತ್ತು. ಇಲ್ಲೇ ಬಿಡುತ್ತೇನೆ, ನಾಡಿದ್ದು ಬರುತ್ತೇನೆ ಎಂದು ಹಟ ಹಿಡಿದೆ.

"ನನಗ ಇದು ಪಸಂದ್ ಇಲ್ರಿ" ಎಂದರು ಅವರು. "ನೀವು ನೋಡಲಾರದ ನಾ ಬಿಚ್ಚಿದ್ರ, ನಾಳೆ ಏನರ ಆದ್ರ ನನ್ನ ಹತ್ರ ಜವಾಬ್ ಇರಂಗಿಲ್ಲ."

"ಏನೂ ಆಗಲ್ಲ ಬಿಡ್ರಿ ಚಾಚಾ, ನಿಮ್ಮ ಮ್ಯಾಲ ಭರೋಸಾ ಅದ" ಎಂದೆ ನಾನು. ಗುಲಾಬಿ ಚುಕ್ಕೆ ಇಟ್ಟು ಬಂದವನ ಬಾಯಿಂದ ಬಂದ ಮಾತು ಅದು. ನನ್ನ ಅನುಕೂಲಕ್ಕಾಗಿ ಅವರು ತಮ್ಮ ಪದ್ಧತಿ ಮುರಿದರು.

ಕಂಪ್ಯೂಟರ್ ಮನೆಗೆ ಬಂತು, ಗುಂಡಿ ಒತ್ತಿದರೆ ಹೊತ್ತಿಕೊಂಡಿತು. ಆದರೆ ಮನೆ ತಿರುಗಲೊಲ್ಲದು. ಮೊದಲು ನೀರಿನಂತೆ ಸರಿಯುತ್ತಿದ್ದ ಚಿತ್ರ ಈಗ ತಡವರಿಸಿ, ನಿಂತು, ಒಂದು ಜಿಗಿತ ಜಿಗಿದು ಮತ್ತೆ ನಿಲ್ಲುತ್ತಿತ್ತು. ನನಗೆ ಒಳಗೊಳಗೇ ಒಂದು ತೃಪ್ತಿಯಾಯಿತು ಎಂದು ಈಗ ಒಪ್ಪಿಕೊಳ್ಳಬೇಕು. ನಾನು ಹೇಳಿರಲಿಲ್ಲವೇ? ಡಬ್ಬಿ ಬಿಚ್ಚಿ ಕಾರ್ಡು ಹೊರಗೆಳೆದು ನೋಡಿದೆ. ಚುಕ್ಕೆಗಳು ಇಟ್ಟಲ್ಲೇ ಇದ್ದವು. ಬಣ್ಣವನ್ನೂ ನಕಲು ಮಾಡಿರಬಹುದೆಂದು ಸೀಸೆ ತಂದು ಪಕ್ಕದಲ್ಲಿ ಹಿಡಿದೆ. ಅದೇ ಗುಲಾಬಿ. ಹಾಗಾದರೆ ಕಾರ್ಡು ಬದಲಾಗಿಲ್ಲ. ಹಾಗಾದರೆ ಇವನು ಬೇರೆ ಏನನ್ನೋ ಮಾಡಿದ್ದಾನೆ.

"ಬಣ್ಣ ಹಾಂಗೇ ಅದ ಅಂತೀರಿ, ಕಾರ್ಡ್ ಹಾಂಗೇ ಅದ ಅಂತೀರಿ. ಮತ್ತ ಏನ್ ಕದ್ದಾರ ಅವರು?" ಎಂದಳು ಹೆಂಡತಿ.

"ಒಳಗಿಂದು ಏನೋ ತಗದಾನ" ಎಂದೆ. ಏನು ಎಂದು ನನಗೂ ಗೊತ್ತಿರಲಿಲ್ಲ.

ಆ ವಾರವೇ ಮಂಠಾಳದ ಒಬ್ಬ ಕಿರಾಣಿ ವ್ಯಾಪಾರಿ ತನ್ನ ತಾಯಿಯನ್ನು ಕರೆದುಕೊಂಡು ಬಂದ. ದೊಡ್ಡ ಮನೆ, ದೊಡ್ಡ ಕೆಲಸ. ಅದು ಕೈಗೆ ಬಂದರೆ ಅವನ ಬೀಗರು ನೆಂಟರು ಎಂದು ಇನ್ನೂ ನಾಲ್ಕು ಮನೆ ಬರುತ್ತವೆ. ಹೋದರೆ ಅವೆಲ್ಲವೂ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಹೊಸದಾಗಿ ತೆರೆದ ಆಫೀಸಿಗೆ. ಮುದುಕಿ ಪರದೆಗೆ ಮುಖ ಹತ್ತಿಸಿ ಕೂತು, "ನನ್ನ ಅಡಗಿಮನಿ ತೋರಸಪ್ಪಾ" ಎಂದಳು. ಚಿತ್ರ ಪಡಸಾಲೆಯ ತನಕ ಹೋಗಿ, ಅಡುಗೆಮನೆಯ ಬಾಗಿಲು ಅರ್ಧ ತೆರೆದು ಅಲ್ಲೇ ನಿಂತಿತು. ನಾನು ಮೌಸನ್ನು ಒತ್ತುತ್ತ, ಈಗ ಬರ್ತದ ಈಗ ಬರ್ತದ ಎನ್ನುತ್ತ ಬೆವರಿದೆ. "ಬಾಗಲ ತೆಗೀವಲ್ದು ನೋಡು" ಎಂದು ಮುದುಕಿ ಮಗನಿಗೆ ಹೇಳಿದಳು. "ಇರ್ಲಿ ಬಿಡ್ರಿ, ಮತ್ತ ಬರ್ತೀವಿ" ಎಂದು ಅವನು ಎದ್ದ. ಈ ಮಾತಿಗೆ ಬರುವುದಿಲ್ಲ ಎಂದೇ ಅರ್ಥ.

ಅಂದು ಸಂಜೆ ಕೋಟೆಯ ಕಡೆಯ ಚಹಾದಂಗಡಿಯಲ್ಲಿ ಕೂತು ನಾನು ಆ ಮಾತು ಹೇಳಿದೆ. ಎದುರಿಗೆ ಫೋಟೊ ಸ್ಟುಡಿಯೋದವನಿದ್ದ. ಅವನ ಕಂಪ್ಯೂಟರೂ ಚಾಚಾನ ಕೈಯದೇ. "ಹುಮನಾಬಾದಿನ ಚಾಚಾ ಕೆಲಸ ಬರಾಬರ್ ಮಾಡ್ತಾನ. ಆದ್ರ ಸಾಮಾನ್ ಬಿಟ್ಟು ಬರೋ ಮನಷ್ಯಾ ಅಲ್ಲ" ಎಂದೆ. ನಾಲ್ಕೈದು ಜನ ಕಿವಿ ಇತ್ತ ತಿರುಗಿಸಿದರು. ಏನಾಯಿತು ಎಂದು ಕೇಳಿದರು. ಬಿಟ್ಟು ಬಂದ ಮೇಲೆ ಹೀಗಾಯಿತು ಎಂದು ಹೇಳಿದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ, ಆದ್ದರಿಂದಲೇ ಎಲ್ಲರೂ ನಂಬಿದರು. ಮತ್ತೆ ಎರಡು ಮೂರು ಸಲ, ಯಾರು ಕೇಳಿದರೂ, ನಾನು ಅದನ್ನೇ ಹೇಳಿದೆ. ಹೇಳುವಾಗ ಹಗುರ ಅನಿಸುತ್ತಿತ್ತು.

ಸ್ಟುಡಿಯೋದವನು ನನಗೆ ಉಪಾಯವನ್ನೂ ಹೇಳಿದ. "ಹಳೆ ಕಾರ್ಡಿನ ಜೀಂವ ಮುಗದಿರ್ತದ. ಅಪ್‌ಗ್ರೇಡ್ ಮಾಡ್ರಿ. ನಮ್ಮ ಭಾವ ಒಂದು ದೊಡ್ಡ ಕಾರ್ಡ್ ತಂದಾನ, ಡಬ್ಬಿ ಸಮೇತ. ಒಯ್ದು ನೋಡ್ರಿ." ಡಬ್ಬಿ ಹೊಳೆಯುತ್ತಿತ್ತು. ನನಗೆ ಅವನ ಮೇಲೂ ಅನುಮಾನ, ಅವನ ಭಾವನ ಮೇಲಂತೂ ಕೇಳಲೇಬೇಡಿ. ಹಾಕಿಸದಿದ್ದರೆ ಕೆಲಸ ಕೈತಪ್ಪುತ್ತದೆ, ಹಾಕಿಸಿದ ಮೇಲೆ ಅದೂ ಕೈಕೊಟ್ಟರೆ ಇನ್ನೊಂದು ತರುವ ಶಕ್ತಿ ಇಲ್ಲ. ಹತ್ತು ದಿನ ಆ ಡಬ್ಬಿಯನ್ನು ಕಪಾಟಿನಲ್ಲಿಟ್ಟುಕೊಂಡು ಒದ್ದಾಡಿದೆ. ಕೊನೆಗೆ ಒಬ್ಬ ಕಳ್ಳನನ್ನು ಇನ್ನೊಬ್ಬ ಕಳ್ಳನ ಕೈಯಲ್ಲಿ ಹಿಡಿಸಬೇಕೆಂದು ಎರಡನ್ನೂ ಹೊತ್ತುಕೊಂಡು, ಅಂದರೆ ನನ್ನ ಕಂಪ್ಯೂಟರನ್ನೂ ಆ ಹೊಸ ಕಾರ್ಡನ್ನೂ ಹೊತ್ತುಕೊಂಡು, ಚಾಚಾನ ಅಂಗಡಿಗೇ ಹೋದೆ.

ಚಾಚಾ ಬಿಳಿ ಬಟ್ಟೆ ಹಾಸಿದರು. ಸ್ಟುಡಿಯೋದವನ ಕಾರ್ಡನ್ನು ಡಬ್ಬಿಯಿಂದ ತೆಗೆದು ಮೂಗಿಗೆ ಹಿಡಿದರು. ತಿರುಗಿಸಿ ಫ್ಯಾನಿನ ಸಂದಿಯಲ್ಲಿ ಇನ್ನೊಮ್ಮೆ ಮೂಸಿದರು.

"ಇದು ಭಟ್ಟ್ಯಾಗ ಕೂತು ಬಂದದ್ರಿ. ದೊಡ್ಡ ಊರಾಗ ಬಿಟ್‌ಕಾಯಿನ್ ಅಂತ ಮಾಡ್ತಾರಲ್ಲ, ಒಂದ ಕೋಣ್ಯಾಗ ಇಂಥಾವು ಸಾಲಿಟ್ಟು ವರ್ಷಾನುಗಟ್ಲೆ ದುಡಸ್ತಾರ. ದಣದ ಮ್ಯಾಲ ತೊಳದು ಹೊಸ ಡಬ್ಬಿಗೆ ಹಾಕ್ತಾರ. ಬ್ಯಾಡ್ರಿ ಇದು."

ಸರಿಯಪ್ಪ, ಬೇರೆಯವನ ಮಾಲು ಕೆಟ್ಟದ್ದು, ಈಗ ತನ್ನದು ತೆಗೆಯುತ್ತಾನೆ ಎಂದು ನಾನು ಕಾದೆ. ಅವರು ತೆಗೆಯಲಿಲ್ಲ.

"ನಿಮ್ಮ ಹಳೆ ಕಾರ್ಡಿಗೆ ಏನಾಗ್ಯದ, ಅದು ಹೇಳ್ರಿ ಮೊದಲ. ನಾ ಆ ದಿನ ಅದನ್ನ ಮುಟ್ಟೇ ಇಲ್ಲ. ಕರೆಂಟಿನ ಪೆಟಗಿ ಅಷ್ಟ ಬದಲಿ ಮಾಡೀನಿ."

ಚಿತ್ರ ತಡವರಿಸುತ್ತದೆ ಎಂದಷ್ಟೇ ಹೇಳಿ ನಾನು ಅವರ ಕೈಯನ್ನೇ ನೋಡತೊಡಗಿದೆ. ಅವರು ಡಬ್ಬಿ ಬಿಚ್ಚಿ, ಕಾರ್ಡನ್ನು ನಿಧಾನವಾಗಿ ಎಳೆದು, ಮೂಸಿ, ಬೆಳಕಿಗೆ ಹಿಡಿದು ಕೆಳ ಅಂಚನ್ನು ನೋಡಿದರು. ಹಿಂದೆ ತಿರುಗಿಸಿ ನೋಡಿದರು. ಕನ್ನಡಕ ಮೇಲೆ ಮಾಡಿಕೊಂಡು ಮತ್ತೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಮನ್ಯಾಗ ಸಣ್ಣ ಹುಡುಗಿ ಯಾರರ ಅದಾಳೇನ್ರಿ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವರಿಗೆ ಕಂಡದ್ದು ನನ್ನ ಗುಲಾಬಿ ಚುಕ್ಕೆ. "ಹೌದ್ರಿ" ಎಂದೆ, "ತಂಗಿ ಮಗಳು. ರಜೆಗೆ ಬಂದಿದ್ದಳು." ನನಗೆ ತಂಗಿಯೇ ಇಲ್ಲ.

"ಹುಡುಗ್ರು ಆಡ್ತಾವ ಬಿಡ್ರಿ" ಎಂದು ಚಾಚಾ ಥಿನ್ನರ್ ಸೀಸೆ ಹೊರಗಿಟ್ಟರು. ಹತ್ತಿಯನ್ನು ಕಡ್ಡಿಗೆ ಸುತ್ತಿ, ಅದ್ದಿ, ಒಂದೊಂದೇ ಹಲ್ಲನ್ನು ಒರೆಸತೊಡಗಿದರು. ಗುಲಾಬಿ ಬಣ್ಣ ಕರಗಿ ಹತ್ತಿಗೆ ಹತ್ತುತ್ತಿತ್ತು. ಒರೆಸುತ್ತಲೇ ಹೇಳಿದರು: "ಈ ಹಲ್ಲು ಒಂದೊಂದೂ ಒಂದೊಂದು ದಾರಿ ಇದ್ದಾಂಗ್ರಿ. ಹುಡುಗಿ ಬಣ್ಣ ಹಚ್ಚಿ ಅಷ್ಟೂ ದಾರಿ ಮುಚ್ಯಾಳ, ಒಂದ ಸಣ್ಣ ಗಲ್ಲಿ ಉಳದದ. ಎಲ್ಲಾ ಗಾಡಿ ಅದರಾಗೇ ತೂರಬೇಕು. ಮನಿ ಹ್ಯಾಂಗ ತಿರಗಬೇಕು ಹೇಳ್ರಿ?"

ನಾನು ತಲೆಯಾಡಿಸಿದೆ.

"ಬೈಬ್ಯಾಡ್ರಿ ಆ ಹುಡುಗಿಗೆ. ಟಿವಿ ಕಾಲದಾಗೂ ಮಂದಿ ನನಗ ಹಿಂಗೇ ಗುರ್ತು ಹಚ್ಚಿ ಕೊಡ್ತಿದ್ರು. ಗುರ್ತು ಹಚ್ಚೋದು ತಪ್ಪಲ್ಲ, ಹಚ್ಚೋ ಜಾಗ ತಪ್ಪು ಅಂತ ಅಕಿಗೆ ಹೇಳ್ರಿ."

ಇಷ್ಟು ಹೇಳಿ ಅವರು ಮತ್ತೆ ಒರೆಸುವುದರಲ್ಲಿ ಮುಳುಗಿದರು. ಆ ಕ್ಷಣದಲ್ಲಿ ಕಾಲು ಹಿಡಿದುಕೊಂಡು ಎಲ್ಲವನ್ನೂ ಹೇಳಿಬಿಡಬೇಕಿತ್ತು. ಚುಕ್ಕೆಯ ಮಾತು ಹೋಗಲಿ, ಚಹಾದಂಗಡಿಯ ಮಾತನ್ನಾದರೂ. ಇಲ್ಲದ ಒಂದು ಹುಡುಗಿಯ ಹಿಂದೆ ಅಡಗಿ ಕೂತೆ.

ಕಾರ್ಡನ್ನು ಕೂರಿಸಿ ಕಂಪ್ಯೂಟರ್ ಹಚ್ಚಿದರು. ಮಂಠಾಳದ ಮನೆಯ ಚಿತ್ರ ತೆರೆದೆ. ಮೊದಲಿನ ಹಾಗೇ ನೀರಿನಂತೆ ತಿರುಗಿತು. ಚಾಚಾ ಸ್ಟೂಲು ಎಳೆದುಕೊಂಡು ಹತ್ತಿರ ಬಂದರು. ಇಷ್ಟು ವರ್ಷ ಇಂಥ ಡಬ್ಬಿ ಜೋಡಿಸಿದ್ದರೂ ಅದರೊಳಗೆ ಮನೆಯೊಂದನ್ನು ಹೊಕ್ಕು ನೋಡಿರಲಿಲ್ಲವಂತೆ. ಒಳಗ ಹೋಗ್ರಿ, ಎಡಕ್ಕ ತಿರಗ್ರಿ, ಕಿಡಕಿ ತೆರೀರಿ ಎಂದು ಹೇಳುತ್ತ ಇಡೀ ಮನೆ ಓಡಾಡಿದರು. ಅಡುಗೆಮನೆಯಲ್ಲಿ ನಿಂತರು.

"ಜರಾ ಆ ಬಾಗಲ ತೆಗೀರಿ. ಪೂರಾ ತೆಗೀರಿ. ನೋಡಿದ್ರ್ಯಾ? ಬಾಗಲ ಬಂದು ಒಲಿ ಮುಂದ ನಿಂತವ್ರ ಬೆನ್ನಿಗೆ ಬಡೀತದ. ಕೈಯಾಗ ಕಾದ ಎಣ್ಣಿ ಇದ್ರ?"

ಹೌದು. ನಾನು ಎಂದೂ ಗಮನಿಸಿರಲಿಲ್ಲ. ಬಾಗಿಲನ್ನು ಆಚೆ ಗೋಡೆಗೆ ಸರಿಸಿ ಚಿತ್ರ ತಿದ್ದಿ, ಮಂಠಾಳಕ್ಕೆ ನಾನೇ ಫೋನು ಮಾಡಿದೆ. ವ್ಯಾಪಾರಿ ತಾಯಿಯೊಂದಿಗೆ ಬಂದ. ಮುದುಕಿಗೆ ಹೇಗೆ ತೆಗೆದರೂ ಬೆನ್ನಿಗೆ ಬಡಿಯದ ಬಾಗಿಲನ್ನು ತೋರಿಸಿದೆ. "ಇವ್ನಿಗೆ ಅಡಗಿ ಮಾಡೋರ ತ್ರಾಸ ಗೊತ್ತದ" ಎಂದು ಅವಳು ಮಗನಿಗೆ ಹೇಳಿದಳು. ಕೆಲಸ ಸಿಕ್ಕಿತು, ಅದರ ಬೆನ್ನಿಗೆ ಬೀಗರ ಮನೆಯೂ ಸಿಕ್ಕಿತು. ಸ್ಟುಡಿಯೋದವನಿಗೆ ಅವನ ಡಬ್ಬಿ ವಾಪಸ್ ಕೊಟ್ಟೆ. ಹೊಸ ಕಾರ್ಡು ಬೇಕಾಗಲಿಲ್ಲ. ಇಂದಿಗೂ ಅದೇ ಹಳೆಯ ಕಾರ್ಡು ನನ್ನ ಹೊಟ್ಟೆ ಹೊರೆಯುತ್ತಿದೆ.

"ಏನಾಗಿತ್ತು ಹಳೆದಕ್ಕ?" ಎಂದು ಸ್ಟುಡಿಯೋದವನು ಚಹಾದಂಗಡಿಯಲ್ಲಿ ಕೇಳಿದ. ಸುತ್ತ ಅದೇ ನಾಲ್ಕೈದು ಜನ ಕೂತಿದ್ದರು.

"ಧೂಳು" ಎಂದೆ.

ಉಗುರುಬಣ್ಣ ಎಂದಿದ್ದರೆ ಅವರು ವರ್ಷಗಟ್ಟಲೆ ನಗುತ್ತಿದ್ದರು. ಆ ನಗುವಿಗೆ ಹೆದರಿ ಒಬ್ಬ ಮನುಷ್ಯನ ಹೆಸರನ್ನು ಹಾಗೇ ಬಿಟ್ಟೆ. ಹೆಂಡತಿಗೆ ನಿಜ ಹೇಳಿದೆ. ಅವಳು ನಗಲಿಲ್ಲ. "ಹೋಗಿ ಮಂದಿ ಮುಂದ ಹೇಳ್ರಿ" ಎಂದಳು. ಹೇಳುತ್ತೇನೆ, ಸಮಯ ನೋಡಿ ಹೇಳುತ್ತೇನೆ ಎಂದೆ.

ಆಮೇಲೆ ನಾನು ಸುಳ್ಳು ನೆವ ಮಾಡಿಕೊಂಡಾದರೂ ಚಾಚಾನ ಅಂಗಡಿಗೆ ಹೋಗುತ್ತಿದ್ದೆ. ಒಂದು ವೈರು, ಒಂದು ಕೀಬೋರ್ಡು, ಏನಾದರೊಂದು. ಹೋದಾಗಲೆಲ್ಲ ಅವರು ತಲೆ ಎತ್ತದೆ ಕೇಳುತ್ತಿದ್ದರು, "ಹುಡುಗಿ ಹ್ಯಾಂಗ ಅದಾಳ್ರಿ?" "ಚಲೋ ಅದಾಳ್ರಿ" ಎನ್ನುತ್ತಿದ್ದೆ. ಒಮ್ಮೆ ಅವಳ ಶಾಲೆಯ ತರಗತಿ ಕೇಳಿದರು, "ಎಷ್ಟನೇತ್ತಾ?" "ಆರನೇತ್ತಾ" ಎಂದೆ. "ಜಲ್ದಿ ದೊಡ್ಡಾಕಿ ಆಗಾಕತ್ತಾಳ" ಎಂದರು. ಆ ದಿನ ನಾವಿಬ್ಬರೂ ನಗೆ ತಡೆದುಕೊಂಡು ಚಹಾ ಕುಡಿದೆವು. ಆದರೆ ಇನ್ನೊಂದು ದಿನ ಅವರು ಬಟ್ಟೆಯನ್ನು ಮಡಿಸಿಡುತ್ತ ಬೇರೆ ಒಂದು ಮಾತು ಕೇಳಿದರು.

"ಕಲ್ಯಾಣದ ಮಂದಿ ಬರೋದು ಕಮ್ಮಿ ಆಗ್ಯಾರ್ರಿ. ಅಲ್ಲಿ ಯಾರರ ಹೊಸಬ್ರು ಅಂಗಡಿ ತಗದಾರೇನು?"

"ತಗದಿರಬೇಕ್ರಿ" ಎಂದೆ.

ಅವರು ಹೂಂ ಎಂದು ಬಟ್ಟೆಯನ್ನು ಇನ್ನೊಂದು ಮಡಿಕೆ ಮಡಿಸಿದರು. ಅವರಿಗೆ ಗೊತ್ತಿತ್ತೇ? ಗೊತ್ತಿದ್ದೇ ಕೇಳಿದರೇ? ಊರಿನವರ ಮೇಲಿನ ಅನುಮಾನಗಳೆಲ್ಲ ನನಗೆ ಈಗ ಸಣ್ಣವಾಗಿವೆ. ಇದೊಂದು ಮಾತ್ರ ಹೋಗಿಲ್ಲ.

ಕಳೆದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಎರಡು ದಿನದ ಜ್ವರವಂತೆ. ನನಗೆ ತಿಳಿಯುವಷ್ಟರಲ್ಲಿ ಮಣ್ಣಾಗಿತ್ತು. ಮರುದಿನ ಅವರ ಮನೆಗೆ ಹೋದೆ. ಶಾಲಾ ಮಾಸ್ತರನಾಗಿರುವ ಮಗ ನನ್ನನ್ನು ಗುರುತು ಹಿಡಿದು, ಎರಡೂ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದ.

"ನಮ್ಮ ಅಬ್ಬಾ ನಿಮ್ಮ ಹೆಸರು ತಗೀತಿದ್ರು" ಎಂದ. "ಕಲ್ಯಾಣದ ಮಂದಿ ಎಲ್ಲಾ ಬಿಟ್ರೂ ಇಂಜಿನಿಯರ್ ಸಾಬ್ ಒಬ್ರು ಬಿಡಲಿಲ್ಲ, ಭರೋಸಾ ಇಟ್ಟವ್ರು ಅವ್ರೊಬ್ರೇ ಅಂತಿದ್ರು."

ಆ ಮಾತನ್ನು ಅವರು ನಗುತ್ತ ಹೇಳುತ್ತಿದ್ದರೋ ಮನಸಾರೆ ಹೇಳುತ್ತಿದ್ದರೋ ಎಂದು ಮಗನನ್ನು ಕೇಳುವ ಧೈರ್ಯವಾಗಲಿಲ್ಲ. ಅವನು ಕೊಟ್ಟ ಚಹಾ ಕುಡಿದು ಮುಗಿಸಿದೆ. ಅಲ್ಲಿಯೂ ಹೇಳಲಿಲ್ಲ. ಸಾವಿನ ಮನೆಯಲ್ಲಿ ಬೇಡ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಎದ್ದೆ.

ಕಲ್ಯಾಣದ ಬಸ್ಸಿನಲ್ಲಿ ಕಿಟಕಿಯ ಬಳಿ ಒಬ್ಬ ಗೃಹಸ್ಥ ತೊಡೆಯ ಮೇಲೆ ಪ್ರಿಂಟರ್ ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಕೂತೆ. ಮನ್ನಾಏಖೇಳ್ಳಿಯವನಂತೆ, ಅಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಆ ಊರಿನಲ್ಲಿ ನನಗೆ ಪರಿಚಯದವರು ಒಬ್ಬರೂ ಇಲ್ಲ. ಪ್ರಿಂಟರನ್ನು ಇಷ್ಟು ದೂರ ಕಲ್ಯಾಣದ ತನಕ ಯಾಕೆ ಒಯ್ಯುತ್ತೀರಿ, ಹುಮನಾಬಾದಿನಲ್ಲಿ ಯಾರೂ ಸಿಗಲಿಲ್ಲವೇ ಎಂದು ಸುಮ್ಮನೆ ಕೇಳಿದೆ.

"ಅಲ್ಲಿ ಒಬ್ಬ ಚಾಚಾ ಅದಾನಂತ್ರಿ" ಎಂದ ಅವನು. "ಕೆಲಸ ಬರಾಬರ್ ಮಾಡ್ತಾನಂತ. ಆದ್ರ ಸಾಮಾನ್ ಬಿಟ್ಟು ಬರೋ ಮನಷ್ಯಾ ಅಲ್ಲಂತ."

ಒಂದು ಪದವೂ ಹೆಚ್ಚು ಕಡಿಮೆ ಆಗಿರಲಿಲ್ಲ. ನನ್ನ ಮಾತು ನನಗಿಂತ ಮುಂದೆ, ನಾನು ಕಾಲಿಡದ ಊರಿಗೆ ಹೋಗಿ ಕೂತಿತ್ತು.

ಆಗ ಹೇಳಿದೆ. ಆ ಮಾತು ಹುಟ್ಟಿಸಿದವನು ನಾನು, ಅದು ಶುದ್ಧ ಸುಳ್ಳು ಎಂದೆ. ಉಗುರುಬಣ್ಣ, ಚಿನ್ನದ ಹಲ್ಲು, ಹತ್ತಿ, ಇಲ್ಲದ ತಂಗಿಯ ಮಗಳು, ಒಂದನ್ನೂ ಬಿಡದೆ, ಮುಂದಿನ ಸೀಟಿನವರು ಹಿಂತಿರುಗಿ ನೋಡುವಷ್ಟು ದನಿ ಎತ್ತಿ ಹೇಳಿದೆ. ಅವರು ತೀರಿಹೋಗಿದ್ದಾರೆ, ಅವರ ಮನೆಯಿಂದಲೇ ಬರುತ್ತಿದ್ದೇನೆ ಎಂದೂ ಹೇಳಿದೆ. ಅವನು ಪೂರಾ ಕೇಳಿಸಿಕೊಂಡ. ಕೇಳಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ.

"ನೀವು ಅವ್ರ ಕಡೀಯವ್ರೇನ್ರಿ?"

"ಅಲ್ರಿ. ನಾ ಕಲ್ಯಾಣದಾಂವ."

"ಮತ್ತ ಅವ್ರು ಇದ್ದಾಗ ಯಾಕ ಹೇಳಲಿಲ್ಲ?"

ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಅವನು ಕಿಟಕಿಯ ಕಡೆ ತಿರುಗಿದ. ಕಲ್ಯಾಣ ಬಂದಾಗ ಬಸ್ಸಿನ ಮೆಟ್ಟಿಲು ಇಳಿಯಲು ಅವನು ಆ ಭಾರ ಹೊತ್ತುಕೊಂಡು ತಡವರಿಸಿದ. ಕೆಳಗೆ ನಿಂತಿದ್ದ ನಾನು ಪ್ರಿಂಟರ್ ಹಿಡಿದುಕೊಳ್ಳಲು ಎರಡೂ ಕೈ ಚಾಚಿದೆ.

"ಬ್ಯಾಡ್ರಿ" ಎಂದು ಅವನು ಅದನ್ನು ಎದೆಗೆ ಒತ್ತಿಕೊಂಡ. "ನಾನ ಹಿಡಕೋತೀನಿ."